ಮಾವನ ಲಾರಿಯ ಏಳು ಪೈಪುಗಳು

ಸುರುಳಿ ಸುತ್ತಿಕೊಂಡದ್ದು ಏನೇ ಕಣ್ಣಿಗೆ ಬೀಳಲಿ, ಅದನ್ನು ಬಿಚ್ಚಿ, ನೇರ ಮಾಡಿ, ಅಳೆದು, ಬರೆದಿಡುವ ತನಕ ನಮ್ಮ ಗುಮಾಸ್ತರಿಗೆ ಅನ್ನ ಇಳಿಯುವುದಿಲ್ಲ. ಇದಕ್ಕೆ ಅವರನ್ನು ದೂರಿ ಪ್ರಯೋಜನವಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಅವರು ನೀರು ಸರಬರಾಜು ಕಚೇರಿಯ ನಕ್ಷೆ ಕೋಣೆಯಲ್ಲಿದ್ದಾರೆ. ಊರಿನ ನೆಲದಡಿಯ ಪೈಪುಗಳ ನಕ್ಷೆಗಳೆಲ್ಲ ಅಲ್ಲಿಗೆ ಸುರುಳಿಯಾಗಿಯೇ ಬರುತ್ತವೆ. ಗುಮಾಸ್ತರು ಒಂದೊಂದನ್ನೂ ಉದ್ದ ಮೇಜಿನ ಮೇಲೆ ಬಿಚ್ಚಿ, ನಾಲ್ಕು ಮೂಲೆಗೆ ನಾಲ್ಕು ಕಬ್ಬಿಣದ ತುಂಡು ಇಟ್ಟು, ಎರಡು ದಿನ ಹಾಗೇ ಬಿಟ್ಟು, ಅದು ಮತ್ತೆ ಸುತ್ತಿಕೊಳ್ಳುವುದಿಲ್ಲವೆಂದು ಖಾತ್ರಿಯಾದ ಮೇಲೆ ಅಳತೆ ತೆಗೆದು, ಚೀಟಿ ಅಂಟಿಸಿ, ರಿಜಿಸ್ಟರಿಗೆ ಏರಿಸುತ್ತಾರೆ. ಮನೆಯಲ್ಲೂ ಅದೇ ಚಾಳಿ. ಮಡಿಸಿಟ್ಟ ಹಳೆಯ ಪತ್ರಿಕೆ, ಸುತ್ತಿಟ್ಟ ಹಗ್ಗ, ಗಂಟಾದ ದಾರ, ಯಾವುದನ್ನೂ ಅವರು ಅದರ ಪಾಡಿಗೆ ಬಿಡುವವರಲ್ಲ. ಹೆಂಡತಿ ಜಡೆ ಹೆಣೆದುಕೊಳ್ಳುವಾಗ ಮಾತ್ರ ಮನಸ್ಸು ಗಟ್ಟಿ ಮಾಡಿಕೊಂಡು ಬೇರೆ ಕಡೆ ನೋಡುತ್ತಾರೆ.

ಇಂಥವರ ಕೈಗೆ ಒಂದು ಲಾರಿ ಸಿಕ್ಕಿದರೆ ಏನಾಗಬಹುದು ಎಂದು ಯಾರೂ ಮುಂಚಿತವಾಗಿ ಯೋಚಿಸಿರಲಿಲ್ಲ.

ಲಾರಿ ಅವರ ಮಾವನದು. ಮಾವ ಮಗಳ ಮನೆಗೆ ಬಂದು ನೆಲೆಸಿದಾಗ ಜೊತೆಯಲ್ಲಿ ತಂದದ್ದು ಒಂದು ಪೆಟ್ಟಿಗೆ, ಒಂದು ಕುರ್ಚಿ ಮತ್ತು ಈ ಲಾರಿ. ಪೆಟ್ಟಿಗೆ ಮಂಚದ ಕೆಳಗೆ ಹೋಯಿತು, ಕುರ್ಚಿ ಮೂಲೆಗೆ ಹೋಯಿತು, ಲಾರಿ ಮನೆಯ ಪಕ್ಕದ ಅಂಗಳವನ್ನು ಪೂರ್ತಿ ತುಂಬಿಕೊಂಡಿತು. ಮೂವತ್ತೊಂದು ವರ್ಷ ಮಾವ ಅದರಲ್ಲಿ ಜನರ ಮನೆ ಸಾಮಾನು ಸಾಗಿಸಿದ್ದರು. ಊರಿನ ಅರ್ಧದಷ್ಟು ಮಂಚ, ಕಪಾಟುಗಳು ಒಮ್ಮೆಯಾದರೂ ಅದರ ಮೇಲೆ ಸವಾರಿ ಮಾಡಿದವು. "ನಮ್ಮಪ್ಪನಿಗೆ ಇಬ್ಬರು ಹೆಣ್ಣುಮಕ್ಕಳು, ಒಂದು ಲಾರಿ" ಎಂದು ಗುಮಾಸ್ತರ ಹೆಂಡತಿ ಹೇಳುತ್ತಿದ್ದರು. ಮೂವರಲ್ಲಿ ಹೆಚ್ಚು ಮುದ್ದು ಯಾರಿಗೆ ಎಂಬುದನ್ನು ಅವರು ಬಿಡಿಸಿ ಹೇಳುತ್ತಿರಲಿಲ್ಲ.

ಈಗ ಆ ಲಾರಿಗೆ ಕುತ್ತು ಬಂದಿತ್ತು. ವಾಹನ ತಪಾಸಣಾ ಕಚೇರಿಯಿಂದ ಕಾಗದ ಬಂದಿತ್ತು: ಸೋಮವಾರ ಬೆಳಿಗ್ಗೆ ಹತ್ತಕ್ಕೆ ಗಾಡಿ ಹಾಜರಾಗಬೇಕು, ಇಷ್ಟು ವಯಸ್ಸಾದ ಗಾಡಿಗೆ ಎರಡನೆಯ ಅವಕಾಶವಿಲ್ಲ, ತಪ್ಪಿದರೆ ನೋಂದಣಿ ರದ್ದು, ಆಮೇಲೆ ಗುಜರಿ. ಕಾಗದ ಬಂದ ವಾರವೇ ಲಾರಿಯ ಹೊಟ್ಟೆಯಡಿಯ ಉಕ್ಕಿನ ಬ್ರೇಕ್ ಪೈಪುಗಳು ತುಕ್ಕು ತಿಂದು ಎಣ್ಣೆ ತೊಟ್ಟಿಕ್ಕಲು ಶುರು ಮಾಡಿದವು. ಗ್ಯಾರೇಜಿನ ಮೇಸ್ತ್ರಿ ನೋಡಿ, ಏಳು ಪೈಪನ್ನೂ ಬದಲಾಯಿಸಬೇಕು, ಆದರೆ ತನಗೆ ಹನ್ನೆರಡು ದಿನ ಕೈ ಬಿಡುವಿಲ್ಲ ಎಂದ.

ಈ ಸುದ್ದಿ ಶುಕ್ರವಾರ ಊಟದ ಮೇಜಿನ ಮೇಲೆ ಬಂತು. ಅಂದು ನಾದಿನಿ ಮತ್ತು ಅವಳ ಗಂಡ ಊಟಕ್ಕೆ ಬಂದಿದ್ದರು. ಗುಮಾಸ್ತರ ಈ ಷಡ್ಡಕ ಹೊಸ ವಾಹನಗಳ ಷೋರೂಮಿನಲ್ಲಿ ಕೆಲಸಕ್ಕಿದ್ದವನು. ರಜೆಯ ದಿನವೂ ಟೈ ಕಟ್ಟುತ್ತಿದ್ದ. ಅವನ ಬೂಟಿನಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆದುಕೊಳ್ಳಬಹುದಿತ್ತು.

"ಇನ್ನೂ ಎಷ್ಟು ದಿನ ಇಟ್ಕೋತೀರಿ ಮಾವ," ಎಂದ ಷಡ್ಡಕ. "ಗುಜರಿಗೆ ಹಾಕಿ. ಒಂದು ಪೈಪ್ ಹಾಕ್ಸೋಕೆ ಹನ್ನೆರಡು ದಿನ ಕಾಯ್ಬೇಕು ಅಂದ್ರೆ ಆ ಗಾಡಿ ಹೋಯ್ತು ಅಂತಲೇ ಲೆಕ್ಕ. ನನಗೆ ಗೊತ್ತಿರೋ ಗುಜರಿಯವನಿದ್ದಾನೆ, ಸೋಮವಾರ ಮಧ್ಯಾಹ್ನಕ್ಕೇ ಕರ್ಕೊಂಡು ಬರ್ತೀನಿ."

ಮಾವ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ವಾಪಸ್ ಇಟ್ಟರು. ಆಗ ಒಂದು ಧ್ವನಿ ಕೇಳಿಸಿತು:

"ಪೈಪ್ ತಾನೇ. ನಾನು ಹಾಕ್ತೀನಿ."

ಆ ಧ್ವನಿ ಯಾರದೆಂದು ಎಲ್ಲರೂ ಹುಡುಕಿದರು. ಗುಮಾಸ್ತರೂ ಸ್ವಲ್ಪ ಹೊತ್ತು ಹುಡುಕಿದರು. ಅದು ತಮ್ಮದೇ ಎಂದು ತಿಳಿಯುವಷ್ಟರಲ್ಲಿ ಹೊತ್ತು ಮೀರಿತ್ತು.

"ಅಣ್ಣ, ಅದು ಬ್ರೇಕ್ ಪೈಪು," ಎಂದ ಷಡ್ಡಕ. "ಪೆನ್ಸಿಲ್ ಅಲ್ಲ."

"ಇಪ್ಪತ್ತೆರಡು ವರ್ಷದಿಂದ ಪೈಪಿನ ಮಧ್ಯೆನೇ ಇದ್ದೀನಿ," ಎಂದರು ಗುಮಾಸ್ತರು. "ಈ ಊರಲ್ಲಿ ಮುನ್ನೂರ ಹನ್ನೊಂದು ಕಿಲೋಮೀಟರ್ ಪೈಪಿದೆ. ಒಂದೊಂದೂ ನನಗೆ ಗೊತ್ತು."

ಅದರಲ್ಲಿ ಒಂದು ಅಂಗುಲವನ್ನೂ ತಾವು ಕೈಯಿಂದ ಮುಟ್ಟಿಲ್ಲ ಎಂಬ ವಿಷಯವನ್ನು ಅವರು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ಹೆಂಡತಿ ಮೇಜಿನ ಕೆಳಗೆ ಅವರ ಕಾಲು ತುಳಿದರು. ಆದರೆ ಎದುರಿಗೆ ಮಾವ ತುತ್ತನ್ನು ಮತ್ತೆ ಕೈಗೆತ್ತಿಕೊಂಡಿದ್ದರು. ಅದನ್ನು ನೋಡಿದ ಮೇಲೆ ಮಾತು ಹಿಂದೆ ತೆಗೆದುಕೊಳ್ಳುವುದು ಯಾವ ಅಳಿಯನಿಂದ ಆದೀತು?

ಸಂಜೆ ಬಿಡಿಭಾಗಗಳ ಅಂಗಡಿಯವನನ್ನು ಕೇಳಿದಾಗ ಅವನು ಕೆಲಸ ಸುಲಭ ಮಾಡಿಬಿಟ್ಟ. "ಏಳು ಪೈಪಿನ ಉದ್ದ ಬರ್ಕೊಂಡು ಬನ್ನಿ. ಕತ್ತರಿಸಿ, ತುದಿ ಅಗಲ ಮಾಡಿ, ನಟ್ ಹಾಕಿ ಕೊಡ್ತೀನಿ. ಸರಿಯಾಗಿ ಅಳೀರಿ, ಆಮೇಲೆ ಗಿಡ್ಡ ಆಯ್ತು ಅಂತ ಬರ್ಬೇಡಿ."

ಬೇರೆ ಯಾರಿಗೆ ಹೇಳಿದ್ದರೂ ಇದು ಒಳ್ಳೆಯ ಬುದ್ಧಿಮಾತು. ನಮ್ಮ ಗುಮಾಸ್ತರಿಗೆ ಸರಿಯಾಗಿ ಅಳೆಯಿರಿ ಎಂದು ಹೇಳುವುದೆಂದರೆ ಉರಿಯುವ ಒಲೆಗೆ ಉರಿ ಎಂದು ಹೇಳಿದ ಹಾಗೆ.

ಶನಿವಾರ ಬೆಳಿಗ್ಗೆ ಮಾವ ತಪಾಸಣೆಯ ಕಾಗದಪತ್ರ ಸರಿಮಾಡಿಸಲು ಹೊರಗೆ ಹೋದರು. ಗುಮಾಸ್ತರು ಲಾರಿಯ ಚಕ್ರಗಳಿಗೆ ನಾಲ್ಕು ಕಲ್ಲು ಕೊಟ್ಟರು, ಯಾಕೋ ಧೈರ್ಯ ಸಾಲದೆ ಇನ್ನೆರಡು ಕೊಟ್ಟರು, ಹಳೆಯ ಚಾಪೆ ಹಾಸಿಕೊಂಡು ಕೆಳಗೆ ತೂರಿದರು. ಅಲ್ಲಿ ಕಂಡ ದೃಶ್ಯ ಅವರ ಮನಸ್ಸಿಗೆ ಬಹಳ ನೋವುಂಟುಮಾಡಿತು. ಏಳು ಪೈಪುಗಳಲ್ಲಿ ಒಂದಾದರೂ ಶಿಸ್ತಿನಲ್ಲಿರಲಿಲ್ಲ. ಇಲ್ಲಿ ಏರಿ, ಅಲ್ಲಿ ಇಳಿದು, ಡೀಸೆಲ್ ಟ್ಯಾಂಕನ್ನು ಬಳಸಿ, ಯಾರದೋ ಕಣ್ಣು ತಪ್ಪಿಸಿ ಓಡುತ್ತಿರುವ ಹಾಗೆ ಚಕ್ರದ ಕಡೆ ನುಸುಳಿದ್ದವು. ಮೂವತ್ತೊಂದು ವರ್ಷ ಯಾರೂ ಇವಕ್ಕೆ ಹೇಳುವವರು ಕೇಳುವವರು ಇರಲಿಲ್ಲವಲ್ಲ ಎಂದು ಅವರಿಗೆ ಮರುಕವೆನಿಸಿತು.

ನಟ್ಟುಗಳಿಗೆ ಸೀಮೆಎಣ್ಣೆ ಬಿಟ್ಟು, ಕಾದು, ಸ್ಪ್ಯಾನರ್ ಹಾಕಿ, ಗೆಣ್ಣು ತರಚಿಕೊಂಡು, ಹತ್ತೂವರೆಯ ಹೊತ್ತಿಗೆ ಏಳನ್ನೂ ಬಿಚ್ಚಿದರು. ಒಂದೊಂದಕ್ಕೂ ದಾರದಲ್ಲಿ ಚೀಟಿ ಕಟ್ಟಿದರು. ಇಷ್ಟರ ತನಕ ಅವರ ಕೆಲಸದಲ್ಲಿ ಯಾರೂ ಹುಳುಕು ತೆಗೆಯುವಂತಿರಲಿಲ್ಲ. ಮುಂದೆ ಅಳತೆ. ಡೊಂಕಾದ ಪೈಪಿಗೆ ಟೇಪು ಹಿಡಿದರೆ ಅದು ಜಾರಿತು. ಮತ್ತೆ ಹಿಡಿದರೆ ಎರಡನೆಯ ಸಲ ಬೇರೆ ಉತ್ತರ ಬಂತು. ಇಂಥ ಪರಿಸ್ಥಿತಿಯಲ್ಲಿ ಏನು ಮಾಡಬೇಕೆಂದು ಇಪ್ಪತ್ತೆರಡು ವರ್ಷಗಳ ಅನುಭವ ಅವರಿಗೆ ಹೇಳಿಕೊಟ್ಟಿತ್ತು. ಅಂಗಳದ ಸಿಮೆಂಟ್ ಕಟ್ಟೆಯ ಮೇಲೆ ಪೈಪನ್ನು ಮಲಗಿಸಿ, ಮರದ ಸುತ್ತಿಗೆಯಿಂದ ಮೆಲ್ಲಗೆ, ಒಂದೊಂದು ತಿರುವಿಗೂ ಸಮಾಧಾನ ಹೇಳಿದ ಹಾಗೆ ಬಡಿಯತೊಡಗಿದರು.

ಎದುರುಮನೆಯ ಮಹಡಿಯಲ್ಲಿ ಬಟ್ಟೆ ಹೊಲಿಯುವ ಟೈಲರಮ್ಮ ಮಿಷನ್ ನಿಲ್ಲಿಸಿ ಕಿಟಕಿಗೆ ಬಂದರು. ಬೀದಿಯ ಸುದ್ದಿಗಳೆಲ್ಲ ಆ ಕಿಟಕಿಯಿಂದಲೇ ಹೊರಡುತ್ತಿದ್ದವು.

"ಏನ್ ಮಾಡ್ತಿದ್ದೀರಿ ಸಾರ್?"

"ನೇರ ಮಾಡ್ತಿದ್ದೀನಿ."

"ಕಬ್ಬಿಣನಾ?"

"ಉಕ್ಕು," ಎಂದರು ಗುಮಾಸ್ತರು.

"ಎಷ್ಟು ಸೊಟ್ಟ ಇದ್ರೂ ಆಗುತ್ತಾ?"

ಗುಮಾಸ್ತರು ಸುತ್ತಿಗೆ ಕೆಳಗಿಟ್ಟು, ಹಣೆಯ ಬೆವರು ಒರೆಸಿಕೊಂಡು, ದೊಡ್ಡ ಕಸುಬುದಾರರು ಮಾತಾಡುವ ಗತ್ತಿನಲ್ಲಿ ಹೇಳಿದರು: "ಎಷ್ಟಿದ್ರೂ ಆಗುತ್ತೆ. ತಾಳ್ಮೆ ಬೇಕು ಅಷ್ಟೆ."

ಈ ಒಂದು ಮಾತು ಆಡದಿದ್ದರೆ ಮುಂದಿನ ಅನಾಹುತ ಅರ್ಧ ತಪ್ಪುತ್ತಿತ್ತು.

ಹನ್ನೆರಡರ ಹೊತ್ತಿಗೆ ಏಳು ಪೈಪುಗಳು ಕಟ್ಟೆಯ ಮೇಲೆ ಉದ್ದದ ಪ್ರಕಾರ ಸಾಲಾಗಿ ಮಲಗಿದ್ದವು. ಗುಮಾಸ್ತರು ಅಳೆದು ರಿಜಿಸ್ಟರಿನಲ್ಲಿ ಬರೆದು, ಅಂಗಡಿಗೆ ಹೋದರು. ಎರಡು ಗಂಟೆ ಕಾದು, ಏಳು ಹೊಸ ಪೈಪುಗಳನ್ನು ಹೆಗಲ ಮೇಲೆ ಹೊತ್ತು ವಾಪಸಾದರೆ ಮನೆಯ ಗೇಟಿನ ಮುಂದೆ ಜನ. ಲಾರಿ ಉರುಳಿಹೋಯಿತೇ, ಆರು ಕಲ್ಲು ಸಾಲಲಿಲ್ಲವೇ ಎಂದುಕೊಂಡು ಓಡಿದರು.

ಲಾರಿ ಇದ್ದಲ್ಲೇ ಇತ್ತು. ಜನ ಸರದಿಯಲ್ಲಿ ನಿಂತಿದ್ದರು. ಎಲ್ಲರಿಗಿಂತ ಮುಂದೆ ಟೈಲರಮ್ಮನ ಕೈಯಲ್ಲಿ ಬಾಗಿದ ಪರದೆ ಕಂಬಿ, ಇನ್ನೊಬ್ಬರ ಕೈಯಲ್ಲಿ ಸೈಕಲ್ಲಿನ ಹ್ಯಾಂಡಲ್, ಮತ್ತೊಬ್ಬರದು ಗಾಳಿಗೆ ಉಲ್ಟಾ ಹೊಡೆದ ಕೊಡೆ. ಬೇಕರಿಯವರು ಸೊಟ್ಟಗಾದ ನಾಲ್ಕು ತಟ್ಟೆ ತಂದಿದ್ದರು. ಕಡೆಯಲ್ಲಿ ಬರಿಗೈಯಲ್ಲಿ ಒಬ್ಬ ಮುದುಕರು ನಿಂತಿದ್ದರು.

"ತಾವೇನು ತಂದಿದ್ದೀರಿ?" ಎಂದು ಗುಮಾಸ್ತರು ಕೇಳಿದರು.

"ಬೆನ್ನು ಮಾಡ್ತೀರಾ?" ಎಂದರು ಮುದುಕರು.

ಹೆಂಡತಿ ಗುಮಾಸ್ತರನ್ನು ಪಕ್ಕಕ್ಕೆ ಎಳೆದರು. "ರೀ, ಅಂಗಡಿ ಇಡ್ತೀನಿ ಅಂತ ನನಗೊಂದು ಮಾತು ಹೇಳ್ಬಾರದಾ? ಬಂದೋರಿಗೆ ಏನ್ ಹೇಳ್ಲಿ ನಾನು? ಟೈಲರಮ್ಮ ಎಲ್ಲಾರಿಗೂ ಹೇಳಿದ್ದಾರೆ, ಎಷ್ಟು ಸೊಟ್ಟ ಇದ್ರೂ ನಮ್ಮನೆಯೋರು ನೇರ ಮಾಡ್ತಾರೆ ಅಂತ."

"ಇದೆಲ್ಲ ತಪ್ಪು ತಿಳುವಳಿಕೆ ಅಂತ ಹೇಳು."

"ನೀವೇ ಹೇಳಿ."

ಗುಮಾಸ್ತರು ಹೇಳಲು ಬಾಯಿ ತೆರೆದರು. ಆದರೆ ಎದುರಿಗೆ ಸರದಿ ಇತ್ತು, ಕಂಕುಳಲ್ಲಿ ರಿಜಿಸ್ಟರಿತ್ತು, ಅದರಲ್ಲಿ ಖಾಲಿ ಪುಟಗಳಿದ್ದವು. ಈ ಮೂರೂ ಒಟ್ಟಿಗೆ ಸೇರಿದಾಗ ಇಲ್ಲ ಎನ್ನುವ ಶಕ್ತಿಯನ್ನು ಅವರಿಗೆ ಯಾರೂ ಕೊಟ್ಟಿರಲಿಲ್ಲ. "ಒಬ್ಬೊಬ್ಬರಾಗಿ ಬನ್ನಿ," ಎಂದರು. ಅರ್ಧ ಗಂಟೆಯಲ್ಲಿ ಹದಿನೇಳು ವಸ್ತುಗಳು ದಾಖಲಾಗಿ, ಚೀಟಿ ಕಟ್ಟಿಸಿಕೊಂಡು ಗೋಡೆಗೆ ಒರಗಿದವು. ಬೆನ್ನನ್ನು ಮಾತ್ರ ಅವರು ವಿನಯದಿಂದ ಹಿಂತಿರುಗಿಸಿದರು.

ಜನ ಕರಗಿದ ಮೇಲೆ ಹೊಸ ಏಳು ಪೈಪುಗಳನ್ನು ಹಳೆಯ ಏಳರ ಪಕ್ಕದಲ್ಲಿ ಇಟ್ಟು ನೋಡಿದರು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಉದ್ದಕ್ಕೆ ಉದ್ದ, ನೇರಕ್ಕೆ ನೇರ. ಇಷ್ಟು ಅಚ್ಚುಕಟ್ಟಾದ ಕೆಲಸವನ್ನು ಜೀವನದಲ್ಲಿ ತಾವು ಮಾಡಿಯೇ ಇಲ್ಲ ಎಂದು ಅವರು ಬೀಗುತ್ತಿದ್ದಾಗಲೇ ಮಾವ ಬಂದರು.

ಮಾವ ಕಟ್ಟೆಯ ಮೇಲಿನ ಹದಿನಾಲ್ಕು ಸರಳುಗಳನ್ನು ನೋಡಿದರು. ಲಾರಿಯನ್ನು ನೋಡಿದರು. ಗೋಡೆಗೆ ಒರಗಿದ್ದ ಕೊಡೆಯನ್ನೂ ನೋಡಿದರು, ಆದರೆ ಆ ಬಗ್ಗೆ ಕೇಳಲಿಲ್ಲ.

"ಅಳಿಯಂದಿರೇ, ಈ ಕಡೆದು ಹೊಸದು. ಆ ಕಡೆದು?"

"ಹಳೇದು ಮಾವ."

"ಯಾಕೆ ಹಿಂಗಿದೆ?"

"ನೇರ ಮಾಡ್ದೆ."

"ಯಾಕೆ?"

"ಸೊಟ್ಟಗಿತ್ತು," ಎಂದರು ಗುಮಾಸ್ತರು.

ಮಾವ ಒಂದು ಹೊಸ ಪೈಪನ್ನು ಎತ್ತಿಕೊಂಡು ಲಾರಿಯ ಪಕ್ಕಕ್ಕೆ ಹೋಗಿ ಬಗ್ಗಿ ಹಿಡಿದರು. ಒಂದು ತುದಿ ಜಾಗಕ್ಕೆ ಕೂತಿತು. ಇನ್ನೊಂದು ತುದಿ ಲಾರಿಯಿಂದ ಹೊರಬಂದು ಪಕ್ಕದ ಮನೆಯ ಗೋಡೆಯನ್ನು ತೋರಿಸಿತು. ಆ ಪೈಪು ತೋರಿಸಿದ ದಿಕ್ಕನ್ನೇ ಗುಮಾಸ್ತರು ಬಹಳ ಹೊತ್ತು ನೋಡುತ್ತ ನಿಂತರು. ಮೆಲ್ಲಗೆ, ತಲೆಯಿಂದ ಕಾಲಿಗೆ, ವಿಷಯ ಇಳಿಯಿತು.

"ಅದು ಹೆಂಗೆ ಬಗ್ಗಿತ್ತು ಅಂತ ನೋಡಿದ್ರಾ?" ಎಂದು ಹೆಂಡತಿ ಬಾಗಿಲಿಂದ ಕೇಳಿದರು.

"ನಂಬರ್ ನೋಡ್ದೆ."

ರಿಜಿಸ್ಟರಿನಲ್ಲಿ ಎಲ್ಲವೂ ಇತ್ತು. ಉದ್ದವಿತ್ತು, ಬಿಚ್ಚಿದ ಸಮಯವಿತ್ತು, ತುಕ್ಕಿನ ಪ್ರಮಾಣದ ಬಗ್ಗೆ ಷರಾ ಕೂಡ ಇತ್ತು. ಆಕಾರ ಎಂಬ ಕಾಲಮ್ಮು ಇರಲಿಲ್ಲ.

"ಮಾವ, ನಿಮಗೆ ನೆನಪಿರ್ಬೇಕಲ್ಲ?"

"ನಾನು ಮೂವತ್ತೊಂದು ವರ್ಷ ಮೇಲೆ ಕೂತವನು ಅಳಿಯಂದಿರೇ," ಎಂದರು ಮಾವ. "ಕೆಳಗೆ ಮಲಗಿದವನಲ್ಲ." ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ. ಬಾಗಿಲು ತೆಗೆದು ಚಾಲಕನ ಸೀಟಿಗೆ ಹತ್ತಿ ಕೂತು, ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು, ಎದುರಿಗಿದ್ದ ಹಿತ್ತಿಲ ಗೋಡೆಯನ್ನು ನೋಡತೊಡಗಿದರು. ಕಾಫಿಗೂ ಇಳಿಯಲಿಲ್ಲ. ಹೆಂಡತಿ ಲೋಟವನ್ನು ಕಿಟಕಿಯಿಂದ ಕೊಟ್ಟು ಬಂದು, ಗಂಡನ ಕಡೆ ನೋಡಿ, "ನಿಮ್ಮದು ತಣ್ಣಗಾಗಿದೆ, ಹಂಗೇ ಕುಡೀರಿ," ಎಂದರು.

ಸಂಜೆಯ ತನಕ ಗುಮಾಸ್ತರು ಊಹೆಯ ಮೇಲೆ ಒಂದು ಹಳೆಯ ಪೈಪನ್ನು ಬಗ್ಗಿಸಿ ನೋಡಿದರು. ಅಷ್ಟರಲ್ಲಿ ಸೊಟ್ಟ ಸಾಮಾನು ಕೊಟ್ಟವರು ಕೆಲಸ ಎಲ್ಲಿಗೆ ಬಂತೆಂದು ನೋಡಲು ಒಬ್ಬೊಬ್ಬರಾಗಿ ಬಂದು ಸಲಹೆ ಕೊಟ್ಟರು. ಮೊದಲು ಎಡಕ್ಕೆ ಹೋಗಿ ಆಮೇಲೆ ಮೇಲಕ್ಕೆ ಹೋಗುತ್ತದೆ ಎಂದರು ಬೇಕರಿಯವರು. ತಮ್ಮ ಮನೆಯ ಗ್ಯಾಸ್ ಪೈಪು ಬಲಕ್ಕೆ ಹೋಗುತ್ತದೆ, ಇದೂ ಅಲ್ಲಿಗೇ ಹೋಗಬೇಕು ಎಂದರು ಸೈಕಲ್ಲಿನವರು. ಎಲ್ಲರ ಮಾತನ್ನೂ ಗೌರವಿಸಿದ ಆ ಪೈಪು ಕೊನೆಗೆ ಕೋಟು ನೇತುಹಾಕಲು ಮಾತ್ರ ಯೋಗ್ಯವಾಯಿತು.

ಭಾನುವಾರ ಬೆಳಿಗ್ಗೆ ಟೈಲರಮ್ಮ ತಮ್ಮ ಪರದೆ ಕಂಬಿ ಕೇಳಲು ಬಂದರು. ಕುತ್ತಿಗೆಯಲ್ಲಿ ಅಳತೆಯ ಟೇಪು, ತುಟಿಯ ನಡುವೆ ಎರಡು ಗುಂಡುಸೂಜಿ. ಗುಮಾಸ್ತರು ಅವರ ಮುಂದೆ ತಪ್ಪೊಪ್ಪಿಗೆಯ ಹಾಗೆ ಎಲ್ಲವನ್ನೂ ಹೇಳಿದರು. ಟೈಲರಮ್ಮ ಸೂಜಿ ತೆಗೆದು ಸೆರಗಿಗೆ ಚುಚ್ಚಿಕೊಂಡರು.

"ಹಳೇ ರವಿಕೆ ಬಿಚ್ಚಿ ಇಸ್ತ್ರಿ ಮಾಡಿಬಿಟ್ಟಿದ್ದೀರಿ, ಅಷ್ಟೇ ತಾನೇ?"

"ಹೌದು."

"ರವಿಕೆ ಹೋದ್ರೆ ಹೋಯ್ತು. ಮೈ ಇದೆಯಲ್ಲ ಸಾರ್. ಅಳತೆ ರವಿಕೆ ತರದೇ ಇರೋರಿಗೆ ನಾನು ಹೊಲಿಯಲ್ವಾ?"

ಎಂದವರೇ ಸೆರಗು ಸಿಕ್ಕಿಸಿಕೊಂಡು ಲಾರಿಯ ಕೆಳಗೆ ತೂರಿದರು. ಒಳಗಿನಿಂದ ಸ್ವಲ್ಪ ಹೊತ್ತು ಬರೀ ಕೆಮ್ಮು ಕೇಳಿಸಿತು. ಆಮೇಲೆ, "ಸಾರ್, ಬನ್ನಿ ಇಲ್ಲಿ. ಗೆರೆ ಇದೆ."

ಗೆರೆ ಇತ್ತು. ಮೂವತ್ತೊಂದು ವರ್ಷದ ಧೂಳು, ಕೊಳೆ, ಗ್ರೀಸು ಲಾರಿಯ ಹೊಟ್ಟೆಗೆ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಪೈಪು ಒರಗಿದ್ದ ಕಡೆ ಮಾತ್ರ ಒಂದು ಬೆರಳಗಲದ ಸ್ವಚ್ಛವಾದ ದಾರಿ ಉಳಿದಿತ್ತು. ಅಲ್ಲಿ ಏರಿ, ಇಲ್ಲಿ ಇಳಿದು, ಟ್ಯಾಂಕನ್ನು ಬಳಸಿ, ಚಕ್ರದ ತನಕ. ನಡುನಡುವೆ ಪೈಪನ್ನು ಹಿಡಿದಿದ್ದ ಕ್ಲಿಪ್ಪುಗಳು ಹಾಗೇ ಇದ್ದವು. ಗುಮಾಸ್ತರ ಕಣ್ಣು ತುಂಬಿ ಬಂತು. ಸ್ವಲ್ಪ ಗ್ರೀಸೂ ಬಿದ್ದಿತ್ತು.

"ನಕ್ಷೆ ಇಲ್ಲೇ ಇತ್ತು ಟೈಲರಮ್ಮ."

"ಅಳಬೇಡಿ ಸಾರ್, ಕತ್ತಲಲ್ಲಿ ಕಾಣಲ್ಲ. ಮನೇಲಿ ಮೆತ್ತನೆ ತಂತಿ ಇದ್ರೆ ತನ್ನಿ."

ಟೈಲರಮ್ಮ ಮೆತ್ತನೆಯ ತಂತಿಯನ್ನು ಆ ಗೆರೆಯ ಮೇಲೆ ಒತ್ತುತ್ತ ಹೋದರು, ತಿರುವು ಬಂದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿದರು. ತಂತಿ ಹೊರಬಂದಾಗ ಅದು ಥೇಟ್ ಹಳೆಯ ಪೈಪಿನ ಸೊಟ್ಟ. ಮುಂದೆ ಹೊಸ ಪೈಪನ್ನು ಅದಕ್ಕೆ ಸರಿಯಾಗಿ ಬಗ್ಗಿಸಬೇಕು. ದೊಡ್ಡ ತಿರುವುಗಳಿಗೆ ತುಪ್ಪದ ಡಬ್ಬಿ ಆಧಾರವಾಯಿತು. ಸಣ್ಣ ತಿರುವುಗಳಿಗೆ ಅಡುಗೆಮನೆಯ ಲಟ್ಟಣಿಗೆ ಬೇಕಾಯಿತು. ಅದನ್ನು ಕೊಡುವಾಗ ಹೆಂಡತಿ, "ಇದೂ ರಿಜಿಸ್ಟರಿಗೆ ಏರಿಸಿ, ವಾಪಸ್ ಬರ್ಬೇಕು," ಎಂದರು.

"ಒಂದೇ ಸಲ ಮುರೀಬೇಡಿ ಸಾರ್," ಎಂದು ಟೈಲರಮ್ಮ ಗದರಿದರು. "ನೆರಿಗೆ ಹಿಡಿದ ಹಾಗೆ, ಸ್ವಲ್ಪ ಸ್ವಲ್ಪ. ಮಡಿಕೆ ಬಿತ್ತು ಅಂದ್ರೆ ಎಣ್ಣೆ ಹೋಗಲ್ಲ."

ಗುಮಾಸ್ತರು ಜೀವನದಲ್ಲಿ ಮೊದಲ ಬಾರಿಗೆ ನೇರವಾಗಿದ್ದ ಒಂದು ವಸ್ತುವನ್ನು ಬೇಕೆಂದೇ ಸೊಟ್ಟ ಮಾಡಿದರು. ಮೊದಲ ತಿರುವಿಗೆ ಮುಖ ಬೇರೆ ಕಡೆ ತಿರುಗಿಸಿಕೊಂಡರು. ಎರಡನೆಯದನ್ನು ಓರೆಗಣ್ಣಲ್ಲಿ ನೋಡಿದರು. ಮೂರನೆಯದರಲ್ಲಿ ಒಂದು ಬಗೆಯ ಕಳ್ಳ ಖುಷಿ ಶುರುವಾಗಿ ಸಿಳ್ಳೆ ಹಾಕಿದರು. ಮೊದಲ ಪೈಪು ಕ್ಲಿಪ್ಪುಗಳ ಮಧ್ಯೆ ಟಕ್ಕೆಂದು ಕೂತಾಗ ಅಂದೂ ಬೆಳಿಗ್ಗೆಯೇ ಚಾಲಕನ ಸೀಟಿಗೆ ಹತ್ತಿ ಕೂತಿದ್ದ ಮಾವ ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಎರಡನೆಯದು ಕೂತಾಗ ಕೆಳಗಿಳಿದರು. ಮೂರನೆಯದಕ್ಕೆ ತಾವೇ ಸ್ಪ್ಯಾನರ್ ಹಿಡಿದರು.

ನಾಲ್ಕನೆಯದು ನಡೆಯುತ್ತಿರುವಾಗ ಪರವಾನಗಿ ಇಲಾಖೆಯ ಅಧಿಕಾರಿ ಬಂದರು. ಭಾನುವಾರವೂ ಕೆಲಸಕ್ಕೆ ಬರುವ ಅಧಿಕಾರಿಯನ್ನು ಕಂಡರೆ ಭೂಮಿಯೇ ನಡುಗಬೇಕು, ಇನ್ನು ಗುಮಾಸ್ತರು ನಡುಗಿದರೆ ಏನಾಶ್ಚರ್ಯ. ಅಧಿಕಾರಿ ಕಂಕುಳಲ್ಲಿ ಕಡತ, ಕೈಯಲ್ಲಿ ಕೊಡೆ ಹಿಡಿದು ಅಂಗಳದ ಮಧ್ಯೆ ನಿಂತರು.

"ಇಲ್ಲಿ ಪರವಾನಗಿ ಇಲ್ಲದೆ ಲೋಹದ ಉದ್ಯಮ ನಡೀತಿದೆ ಅಂತ ದೂರು ಬಂದಿದೆ."

"ಉದ್ಯಮ ಅಲ್ಲ ಸಾರ್. ಜನ ತಂದು ಕೊಟ್ಟರು, ನಾನು ತಗೊಂಡೆ."

"ಎಷ್ಟು ಜನ?"

ಬೇರೆ ಯಾರಾದರೂ ಆಗಿದ್ದರೆ ಒಬ್ಬಿಬ್ಬರು ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದರು. ಗುಮಾಸ್ತರು ಒಳಗೆ ಹೋಗಿ ರಿಜಿಸ್ಟರು ತಂದು ತೆರೆದು ತೋರಿಸಿದರು. "ಹದಿನೇಳು ವಸ್ತು ಸಾರ್. ಕೊಟ್ಟವರ ಹೆಸರು, ವಿಳಾಸ, ಸೊಟ್ಟಗಾದ ಕಾರಣ, ಎಲ್ಲ ಇದೆ. ಒಂದು ಬೆನ್ನು ವಾಪಸ್ ಕಳಿಸಿದ್ದೀನಿ."

"ರಿಜಿಸ್ಟರ್ ಇದ್ರೆ ಅದು ಉದ್ಯಮ," ಎಂದರು ಅಧಿಕಾರಿ. ಕಡತ ಬಿಚ್ಚಿದರು. "ಗಾಡಿ, ಸಲಕರಣೆ, ಎಲ್ಲಾ ಜಪ್ತಿ ಆಗುತ್ತೆ."

ಗಾಡಿ ಎಂಬ ಮಾತು ಕೇಳಿ ಮಾವ ಸ್ಪ್ಯಾನರ್ ಹಿಡಿದೇ ಲಾರಿಯ ಕೆಳಗಿನಿಂದ ಹೊರಬಂದರು. ಹೆಂಡತಿ ಬಾಗಿಲಿಗೆ ಬಂದರು. ಇಷ್ಟು ಮಾಡಿಯೂ ತಮ್ಮ ಕೈಯಿಂದಲೇ ಲಾರಿ ಹೋಗುತ್ತದಲ್ಲ ಎಂದು ಗುಮಾಸ್ತರಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಆಗ ತುಪ್ಪದ ಡಬ್ಬಿಯ ಮೇಲೆ ಪೈಪು ಹಿಡಿದು ಕೂತಿದ್ದ ಟೈಲರಮ್ಮ ತಲೆಯೆತ್ತದೆ ಕೇಳಿದರು:

"ದೂರಲ್ಲಿ ಏನಂತ ಬರೆದಿದೆ ಸಾರ್? ಓದಿ ಸ್ವಲ್ಪ."

ಅಧಿಕಾರಿ ಓದಿದರು. "ಸದರಿ ಮನೆಯಲ್ಲಿ ಲೋಹದ ವಸ್ತುಗಳನ್ನು ನೇರ ಮಾಡಲಾಗುತ್ತಿದೆ."

"ಯಾರ್ ಮಾಡ್ತಿದ್ದಾರೆ? ನಾವು ಬಗ್ಗಿಸ್ತಾ ಇದ್ದೀವಿ."

ಅಧಿಕಾರಿ ಡಬ್ಬಿಯನ್ನು ನೋಡಿದರು, ಲಟ್ಟಣಿಗೆಯನ್ನು ನೋಡಿದರು, ಪೈಪು ನಿಧಾನವಾಗಿ ಬಾಗುತ್ತಿರುವುದನ್ನು ಸಾಕಷ್ಟು ಹೊತ್ತು ನೋಡಿದರು. ಗೋಡೆಗೆ ಒರಗಿದ್ದ ಹದಿನೇಳು ವಸ್ತುಗಳನ್ನೂ ಒಂದೊಂದಾಗಿ ನೋಡಿದರು. ಎಲ್ಲವೂ ಬಂದಾಗ ಎಷ್ಟು ಸೊಟ್ಟಗಿದ್ದವೋ ಈಗಲೂ ಅಷ್ಟೇ ಸೊಟ್ಟಗಿದ್ದವು.

"ಒಂದೂ ನೇರ ಆಗಿಲ್ಲ," ಎಂದರು.

"ಇಲ್ಲ ಸಾರ್," ಎಂದರು ಗುಮಾಸ್ತರು, ನಾಚಿಕೆಯಿಂದ.

"ಹಾಗಾದ್ರೆ ದೂರಿಗೂ ಸ್ಥಳಕ್ಕೂ ತಾಳೆ ಆಗ್ತಿಲ್ಲ." ಅಧಿಕಾರಿ ಕಡತ ಮುಚ್ಚಿದರು. ಅವರಿಗೂ ಮನಸ್ಸು ಹಗುರಾದ ಹಾಗೆ ಕಂಡಿತು. ಗೇಟಿನ ತನಕ ಹೋಗಿ ತಿರುಗಿ ನಿಂತು, ದನಿ ತಗ್ಗಿಸಿ ಕೇಳಿದರು: "ಈ ಕೊಡೆಯ ಕಡ್ಡಿ ಬಾಗಿದೆ. ಮುಂದಿನ ವಾರ ಆಗುತ್ತಾ?"

ಗುಮಾಸ್ತರ ಕೈ ತಾನಾಗಿ ರಿಜಿಸ್ಟರಿನ ಕಡೆ ಹೋಯಿತು. ಹೆಂಡತಿ ಅದರ ಮೇಲೆ ಕೂತುಬಿಟ್ಟರು.

ನಾಲ್ಕು ಗಂಟೆಗೆ ಏಳನೆಯ ಪೈಪು ಕೂತಿತು. ಪೈಪಿನೊಳಗಿನ ಗಾಳಿ ತೆಗೆಯುವುದೊಂದು ಬಾಕಿ. ಒಬ್ಬರು ಮೇಲೆ ಕೂತು ಬ್ರೇಕ್ ಪೆಡಲ್ ಒತ್ತುತ್ತಿರಬೇಕು, ಒಬ್ಬರು ಕೆಳಗೆ ಒಂದೊಂದು ಚಕ್ರದ ಬಳಿ ನಟ್ಟು ಸಡಿಲಿಸಿ ಗಾಳಿ ಬಿಡಬೇಕು. ಅಷ್ಟೊತ್ತಿಗೆ ಸರಿಯಾಗಿ ಷಡ್ಡಕ ಬಂದ, ಗುಜರಿಯವನಿಗೆ ಏನು ಹೇಳಲಿ ಎಂದು ಕೇಳುವುದಕ್ಕೆ.

"ಆಮೇಲೆ ಹೇಳೋಣ," ಎಂದರು ಮಾವ. "ಚಿಕ್ಕ ಅಳಿಯಂದಿರ ಕಾಲು ಗಟ್ಟಿಯಾಗಿದೆ. ಹತ್ತಿ ಮೇಲೆ."

"ಮಾವ, ಬೂಟು..."

"ಬೂಟಿನ ಸಮೇತ ಹತ್ತಿ."

ಷಡ್ಡಕ ಹತ್ತಿದ. ಒತ್ತಿ, ಎಂದರು ಮಾವ ಕೆಳಗಿನಿಂದ. ಹಿಡ್ಕೊಂಡಿರಿ. ಬಿಡಿ. ಮತ್ತೆ ಒತ್ತಿ. ಗುಮಾಸ್ತರು ಗಾಜಿನ ಸೀಸೆ ಹಿಡಿದು ಗುಳ್ಳೆ ಎಣಿಸಿದರು. ಐವತ್ತನೆಯ ಸಲಕ್ಕೆ ಷಡ್ಡಕನ ಟೈ ಸಡಿಲವಾಯಿತು. ಎಂಬತ್ತಕ್ಕೆ ಅದು ಕನ್ನಡಿಗೆ ನೇತುಬಿತ್ತು. ನೂರು ದಾಟಿದ ಮೇಲೆ ಅವನು ಬೂಟು ಬಿಚ್ಚಿ ಕಿಟಕಿಯಿಂದ ಹೊರಗೆಸೆದು, "ಇನ್ನೂ ಗಾಳಿ ಇದೆಯಾ ಅಣ್ಣ? ಚೆನ್ನಾಗಿ ನೋಡಿ," ಎಂದು ಗುಮಾಸ್ತರಿಗಿಂತ ಆಸಕ್ತಿಯಿಂದ ಕೇಳತೊಡಗಿದ. ಕೊನೆಗೆ ಒಂದು ಸಲ ಒತ್ತಿದವನು ಹಾ ಎಂದು ಕೂಗಿದ. "ಕಲ್ಲಾಯ್ತು ಮಾವ. ಪೆಡಲ್ ಕಲ್ಲಾಯ್ತು." ಷೋರೂಮಿನಲ್ಲಿ ಅಷ್ಟು ಗಾಡಿ ಮಾರಿದವನು ಅಷ್ಟು ಸಂತೋಷಪಟ್ಟದ್ದನ್ನು ಅವನ ಹೆಂಡತಿಯೂ ನೋಡಿರಲಿಲ್ಲವಂತೆ.

ಗುಮಾಸ್ತರು ಒಂದೊಂದು ಜೋಡಣೆಯ ಕೆಳಗೂ ಒಂದೊಂದು ಬಿಳಿ ಕಾಗದ ಹಾಸಿದರು. ಸೋಮವಾರ ಬೆಳಿಗ್ಗೆ ಎಲ್ಲ ಕಾಗದಗಳೂ ಒಣಗಿಯೇ ಇದ್ದವು. ಆದರೂ ಪ್ರತಿಯೊಂದನ್ನೂ ಎತ್ತಿ ಮೂಸಿ ನೋಡಿದರು.

ತಪಾಸಣಾ ಕಚೇರಿಗೆ ಮಾವ ಲಾರಿಯನ್ನು ನಡೆಯುವ ವೇಗದಲ್ಲಿ ಓಡಿಸಿದರು. ಪಕ್ಕದಲ್ಲಿ ಗುಮಾಸ್ತರು, ಹೆಂಡತಿ, ಟೈಲರಮ್ಮ. ಹಿಂದೆ ಷಡ್ಡಕನ ಸ್ಕೂಟರು, ಅದರ ಹಿಂದೆ ಬೀದಿಯ ಅರ್ಧ ಜನ. ತಪಾಸಣೆ ಮಾಡುವ ಅಧಿಕಾರಿ ಮಾತು ಕಡಿಮೆಯ ಮನುಷ್ಯ. ಕೈಯಲ್ಲೊಂದು ಪುಟ್ಟ ಸುತ್ತಿಗೆ ಹಿಡಿದು ಲಾರಿಯ ಕೆಳಗೆ ಹೋದವರು ಹೊರಗೇ ಬರಲಿಲ್ಲ. ಅಲ್ಲಲ್ಲಿ ಟಿಣ್ ಟಿಣ್ ಎಂದು ಬಡಿಯುವುದು ಕೇಳಿಸಿತು. ಪ್ರತಿ ಟಿಣ್ಣಿಗೂ ಗುಮಾಸ್ತರು ಒಂದೊಂದು ಸಲ ಕಣ್ಣು ಮುಚ್ಚಿದರು.

ಅಧಿಕಾರಿ ಎದ್ದು ಬಂದು ಮೊಣಕಾಲು ಕೊಡವಿಕೊಂಡರು. "ಬ್ರೇಕ್ ಪೈಪ್ ಯಾರು ಹಾಕಿದ್ದು?"

ಗುಮಾಸ್ತರು ಶಾಲೆಯಲ್ಲಿ ಎತ್ತುವ ಹಾಗೆ ಕೈ ಎತ್ತಿದರು. "ನಾನು ಸಾರ್. ಅಳತೆ ಇವರದು."

"ಇವರು ಮೆಕ್ಯಾನಿಕ್ಕಾ?"

"ರವಿಕೆ ಹೊಲೀತಾರೆ."

ಅಧಿಕಾರಿ ಟೈಲರಮ್ಮನನ್ನು ಒಂದು ಸಲ, ಪೈಪನ್ನು ಇನ್ನೊಂದು ಸಲ ಬಗ್ಗಿ ನೋಡಿದರು. "ಚೆನ್ನಾಗಿ ಕೂತಿದೆ," ಎಂದರು. ಆಮೇಲೆ ಮೈದಾನದ ಆಚೆ ತುದಿಯಲ್ಲಿದ್ದ ಬಿಳಿ ಗೆರೆ ತೋರಿಸಿದರು. "ಜೋರಾಗಿ ಹೋಗಿ, ಅಲ್ಲಿ ನಿಲ್ಲಿಸಿ."

ಮಾವ ಒಬ್ಬರೇ ಹತ್ತಿದರು. ಲಾರಿ ಗುಡುಗುತ್ತ ಹೊರಟಿತು, ವೇಗ ಹಿಡಿಯಿತು, ಬಿಳಿ ಗೆರೆ ಹತ್ತಿರ ಬಂತು. ಗುಮಾಸ್ತರು ಹೆಂಡತಿಯ ತೋಳು ಹಿಡಿದುಕೊಂಡರು. ಅದು ಟೈಲರಮ್ಮನ ತೋಳು ಎಂದು ಆಮೇಲೆ ಗೊತ್ತಾಯಿತು. ನಾಲ್ಕೂ ಚಕ್ರ ಒಟ್ಟಿಗೆ ಕಿರುಗುಟ್ಟಿದವು, ಧೂಳೆದ್ದಿತು, ಧೂಳು ಇಳಿದಾಗ ಮುಂದಿನ ಎರಡು ಚಕ್ರಗಳು ಬಿಳಿ ಗೆರೆಯ ಮೇಲೆ ನಿಂತಿದ್ದವು.

ಅಧಿಕಾರಿ ಕಾಗದಕ್ಕೆ ಮುದ್ರೆ ಒತ್ತಿ ಕೊಟ್ಟರು. ಇನ್ನೂ ಎರಡು ವರ್ಷ. ಮಾವ ಕೈಯನ್ನು ಅಂಗಿಗೆ ಎರಡು ಸಲ ಒರೆಸಿಕೊಂಡು ಆಮೇಲೆ ಕಾಗದ ತೆಗೆದುಕೊಂಡರು. ಅದನ್ನು ಮಡಿಸಿ ಜೇಬಿಗೆ ಇಟ್ಟು, ಇನ್ನೊಂದು ಜೇಬಿನಿಂದ ಲಾರಿಯ ಕೀಲಿ ತೆಗೆದು ಎಲ್ಲರ ಎದುರಿಗೆ ಗುಮಾಸ್ತರ ಅಂಗೈಯಲ್ಲಿಟ್ಟರು.

"ಇದನ್ನ ಇಲ್ಲಿ ತನಕ ಬೇರೆಯವರ ಕೈಗೆ ಕೊಟ್ಟಿಲ್ಲ. ಮನೆಗೆ ನೀವೇ ಓಡಿಸಿ ಅಳಿಯಂದಿರೇ."

ಬೀದಿಯ ಜನ ಚಪ್ಪಾಳೆ ತಟ್ಟಿದರು. ಗುಮಾಸ್ತರು ಕೀಲಿ ನೋಡಿದರು, ಮಾವನನ್ನು ನೋಡಿದರು.

"ಮಾವ, ನನಗೆ ಓಡಿಸೋಕೆ ಬರಲ್ಲ."

"ಲಾರಿನಾ?"

"ಯಾವುದೂ."

"ಸೈಕಲ್ಲು?"

"ಅದೂ ಅಷ್ಟಕ್ಕಷ್ಟೆ."

ಮಾವನಿಗೆ ನಗು ಶುರುವಾಯಿತು. ಲಾರಿಯ ಬಾಗಿಲು ಹಿಡಿದುಕೊಂಡು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನಿಲ್ಲಿಸೋದಕ್ಕೆ ಏನ್ ಬೇಕೋ ಅದನ್ನ ನೀವೇ ಮಾಡಿಟ್ಟಿದ್ದೀರಿ, ಇನ್ನು ಹೆದರಿಕೆ ಯಾಕೆ? ಮೈದಾನ ಖಾಲಿ ಇದೆ. ಹತ್ತಿ."

ಗುಮಾಸ್ತರು ಹತ್ತಿದರು. ಮಾವ ಪಕ್ಕದಲ್ಲಿ ಕೂತರು. ಲಾರಿ ನಾಲ್ಕು ಅಡಿ ಹಾರಿತು, ನಿಂತಿತು. ಮತ್ತೆ ಮೂರು ಅಡಿ ಹಾರಿತು, ನಿಂತಿತು. ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ತಪಾಸಣಾ ಅಧಿಕಾರಿ ಕಿಟಕಿಗೆ ಬಂದು ಗಲ್ಲಕ್ಕೆ ಕೈ ಕೊಟ್ಟು ನಿಂತರು. ಮೈದಾನದ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ನಮ್ಮ ಗುಮಾಸ್ತರು ಆ ಬ್ರೇಕನ್ನು ಅರವತ್ತಮೂರು ಸಲ ಒತ್ತಿದರು. ಅರವತ್ತಮೂರು ಸಲವೂ ಅದು ಹಿಡಿಯಿತು.